ಸೊನ್ನೆಯಿಂದ ಎಣಿಸಿದವರು

ನನ್ನ ಅಕ್ಕನಿಗೆ ಕಾಲೇಜಿನಲ್ಲಿ 'ಡಬ್ಬಿ ಮೇಡಂ' ಎಂದು ಅಡ್ಡಹೆಸರು. ರಸಾಯನಶಾಸ್ತ್ರದವರಿಗೆ ಕ್ವಾಂಟಂ ಪಾಠ ಶುರುವಾಗುವುದೇ ಡಬ್ಬಿಯೊಳಗೆ ಸಿಕ್ಕಿಬಿದ್ದ ಒಂದು ಕಣದಿಂದ. ಅದನ್ನು ಕುಣಿದಾದರೂ ಅರ್ಥಮಾಡಿಸುವವಳು ಅಕ್ಕ. ಆದರೆ ಅವಳ ಕೆಲಸ ಖಾಯಂ ಅಲ್ಲ. ವರ್ಷವರ್ಷವೂ ವಿಭಾಗದ ಮುಖ್ಯಸ್ಥರ ಸಹಿ ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಈ ಸಲ ಸಹಿಯ ವಾರದಲ್ಲೇ ಗ್ರಹಚಾರ ವಕ್ಕರಿಸಿತು. ಡಬ್ಬಿಯೊಳಗಿನ ಕಣದ ಅತಿ ಕಡಿಮೆ ಶಕ್ತಿಯ ಮಟ್ಟ ಎಷ್ಟನೆಯದು ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ಮುಖ್ಯಸ್ಥರು ತಮ್ಮ ಹಳದಿಗಟ್ಟಿದ ನೋಟ್ಸಿನಿಂದ ಬರೆಸುವಾಗ ಮಟ್ಟಗಳನ್ನು ಸೊನ್ನೆಯಿಂದ ಎಣಿಸಿದ್ದಾರೆ. ಹಾಗೆ ಎಣಿಸುವುದು ಸ್ಪ್ರಿಂಗಿಗೆ ಕಟ್ಟಿದ ಕಣಕ್ಕೆ, ಡಬ್ಬಿಯದಕ್ಕೆ ಒಂದರಿಂದಲೇ. ಅಕ್ಕ ಒಂದು ಎಂದು ಬರೆದವರಿಗೆ ಅಂಕ ಕೊಟ್ಟಳು. ಮುಖ್ಯಸ್ಥರು ಅದನ್ನು ತಿರುಗಾಮುರುಗಾ ಮಾಡಿ, ಸೊನ್ನೆ ಎಂದವರಿಗೆ ಕೊಡೆಂದರು.

"ಸೊನ್ನೆ ಆದ್ರೆ ಏನಕ್ಕಾ ಪ್ರಳಯ?" ಮಗಳನ್ನು ತೊಟ್ಟಿಲಿಗೆ ಹಾಕುತ್ತ ಕೇಳಿದೆ.

"ಇವಳನ್ನ ನೋಡು, ನಿದ್ದೇಲೂ ಕಾಲ್ಬೆರಳು ಆಡ್ತಾನೇ ಇದೆ. ಕಣನೂ ಹಂಗೇ, ಕೂಡಿಹಾಕಿದ್ಮೇಲೆ ಸುಮ್ನಿರಕ್ಕೇ ಆಗಲ್ಲ. ಸೊನ್ನೆ ಹಾಕಿದ್ರೆ ಅಲೆಯೇ ಇಲ್ಲ. ಅಲೆ ಇಲ್ಲ ಅಂದ್ರೆ ಡಬ್ಬೀಲಿ ಕಣನೇ ಇಲ್ಲ."

"ಖಾಲಿ ತೊಟ್ಟಿಲು ಅನ್ನು."

"ಹೂಂ ಕಣೇ. ಖಾಲಿ ತೊಟ್ಟಿಲು ತೂಗಿ ಜೋಗುಳ ಹಾಡು ಅಂತಿದ್ದಾರೆ."

ಮರುದಿನ ಮಗಳಿಗೆ ಚುಚ್ಚುಮದ್ದು ಹಾಕಿಸಿಕೊಂಡು, ಬಿಸಿಲಿಗೆ ಹೆದರಿ ಅಕ್ಕನ ಸ್ಟಾಫ್ ರೂಮಿನಲ್ಲಿ ಕೂತೆ. ಕೈತೊಳೆಯುವ ತೊಟ್ಟಿಯಲ್ಲಿ ಚಹಾ ಚರಟ, ಅದರಲ್ಲೊಂದು ಅಂಗಾತ ಬಿದ್ದ ಜಿರಲೆ. ಮುಖ್ಯಸ್ಥರು ಪೆನ್ನಿನ ಮುಚ್ಚಳದಿಂದ ಚಹಾ ಕಲಕುತ್ತಿದ್ದರು. ಚೆಲ್ಲಿದ್ದನ್ನು ಒರೆಸಿದ್ದು ಯಾವುದೋ ವಿದ್ಯಾರ್ಥಿಯ ಉತ್ತರಪತ್ರಿಕೆಯಿಂದ! ನಾನು ಮಗಳನ್ನು ಆ ಮೇಜಿನಿಂದ ದೂರ ಸರಿಸಿಕೊಂಡೆ.

"ಅಲ್ಲಮ್ಮಾ, ಒಂದು ಸೊನ್ನೆಗೆ ಇಷ್ಟು ರಾದ್ಧಾಂತನಾ? ತಿದ್ದಿಬಿಡಿ. ನಿಮ್ಮ ಕಾಗದ ಸಹಿಗೆ ನನ್ನ ಮೇಜಿನ ಮೇಲೇ ಇದೆ."

"ಪುಸ್ತಕ ತೆಗೆದು ನೋಡೋಣ ಸರ್," ಎಂದಳು ಅಕ್ಕ.

"ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಂಗಾಯ್ತು!" ಪಕ್ಕದ ಮೇಜಿನವರತ್ತ ತಿರುಗಿದರು. "ಏನ್ರೀ, ನೀವೇನಂತೀರಿ?"

ಈ ಪಕ್ಕದ ಮೇಜಿನವರೂ ಅದೇ ವಿಭಾಗದವರು. ಅಕ್ಕ ನನ್ನನ್ನು ಒಳಗೆ ಕರೆತರುವಾಗಷ್ಟೇ ಮೆಟ್ಟಿಲ ಬಳಿ, ನನ್ನೆದುರಿಗೇ, "ನೀವು ಹೇಳಿದ್ದೇ ಸರಿ ಮೇಡಂ" ಎಂದು ಪಿಸುಗುಟ್ಟಿದ್ದರು.

"ಸರ್ ಹೇಳಿದ್ಮೇಲೆ ಇನ್ನೇನಿದೆ ಸರ್?" ಎಂದು ಹಲ್ಲು ಬಿಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೈಮೇಲೆ ಹಲ್ಲಿ ಬಿದ್ದಂತಾಯಿತು ನನಗೆ.

ಅಕ್ಕ ತಿದ್ದಲಿಲ್ಲ. ಅಂಕಗಳನ್ನು ಮುಖ್ಯಸ್ಥರೇ ಕೂತು ತಿದ್ದಿದರು. ಕೆಂಪು ಪೆನ್ನು ಒದಗಿಸಿದ್ದು ಪಕ್ಕದ ಮೇಜಿನವರಂತೆ. ಸಹಿ ಬೀಳಲಿಲ್ಲ. ಅಕ್ಕ ತನ್ನ ಲೋಟ, ಡಸ್ಟರು, ಪಾಠಕ್ಕೆ ಬಳಸುತ್ತಿದ್ದ ಹಗ್ಗ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಭಾನುವಾರ ಬಾಗಿಲು ತಟ್ಟಿದ್ದು ಯಾರು? ಅದೇ ಪಕ್ಕದ ಮೇಜಿನ ಮಹಾಶಯರು.

"ಮೇಡಂ, ಮುಂದಿನ ವರ್ಷ ನಿಮ್ಮ ಪಾಠ ನಂಗೇ ಬಂದಿದೆ. ಆ ಒಂದರಿಂದ ಅನ್ನೋದನ್ನ ಮಕ್ಕಳಿಗೆ ಹೆಂಗೆ ಹೇಳ್ತಿದ್ರಿ?"

ಪೊರಕೆ ನನ್ನ ಕೈಯಲ್ಲೇ ಇತ್ತು. ಅಕ್ಕ ಕಣ್ಣಲ್ಲೇ ತಡೆದಳು. ಹಗ್ಗದ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ತಾನು ಹಿಡಿದು ಬೀಸಿದಳು. ನಡುವೆ ಒಂದು ಉಬ್ಬು, ಆಮೇಲೆ ಎರಡು. ಕೊನೆಗೆ ಬಿಗಿದು ನಿಲ್ಲಿಸಿದಳು.

"ಇದು ಸೊನ್ನೆ. ಅಲೆ ಕಾಣ್ತಿದೆಯಾ?"

"ಇಲ್ಲ ಮೇಡಂ."

"ಕ್ಲಾಸಲ್ಲಿ ಇದನ್ನೇ ತೋರ್ಸಿ. ನಿಮ್ಮ ಮುಖ್ಯಸ್ಥರು ಹಿಂದಿನ ಬೆಂಚಲ್ಲಿ ಕೂತಿದ್ರೂ ತೋರ್ಸಿ."

ಮನುಷ್ಯ ಅಕ್ಕ ಕೊಟ್ಟ ಚಹಾ ಕುಡಿದು ಮುಗಿಸಿದ. ಹಗ್ಗವನ್ನೂ ಕೇಳಿ ತೆಗೆದುಕೊಂಡು ಹೋದ!

"ಆ ನಾಚಿಕೆಗೆಟ್ಟೋನಿಗೆ ಯಾಕಕ್ಕಾ ಹೇಳ್ಕೊಟ್ಟೆ?"

"ಅವನಿಗಲ್ಲ ಕಣೇ. ಅವನ ಮುಂದೆ ಕೂರೋ ಮಕ್ಕಳಿಗೆ."

ಅವನು ಚಹಾ ಕುಡಿದ ಲೋಟವನ್ನು ತಿಕ್ಕಿ ತಿಕ್ಕಿ ತೊಳೆದೆ. ಆದರೂ ಅದರಲ್ಲಿ ಮಗಳಿಗೆ ಹಾಲು ಕೊಡಲು ಮನಸ್ಸು ಬರಲಿಲ್ಲ. ಗೂಡಿನ ಹಿಂದಕ್ಕೆ ತಳ್ಳಿದೆ.