ನಾನು ಹೊಲೆದ ಟೆಂಟು

ಹೊಳೆದಂಡೆಯಲ್ಲಿ ಒಂದು ರಾತ್ರಿ ಕಳೆಯೋಣವೆಂದು ಮಗಳು ಟೆಂಟು ಕೊಂಡು ತರುವ ಮಾತೆತ್ತಿದಾಗಲೇ ನನಗೆ ಸಿಟ್ಟು ಬಂತು. ಶಿಕಾರಿಪುರದಲ್ಲಿ ಇಪ್ಪತ್ತು ವರ್ಷದಿಂದ ಟೈಲರ್ ಅಂಗಡಿ ಇಟ್ಟವನ ಮಗಳು ಮೊಬೈಲಿನಲ್ಲಿ ರೆಡಿಮೇಡ್ ಟೆಂಟು ತೋರಿಸಿದರೆ ಸಿಟ್ಟು ಬರದೆ ಇನ್ನೇನು? ಹದಿಮೂರು ತುಂಬಿದ ಮೇಲೆ ಅವಳಿಗೆ ನಾನು ಹೊಲೆದ ಬಟ್ಟೆಯೇ ಬೇಡವಾಗಿತ್ತು. ಬಾಯಿಬಿಟ್ಟು ಹೇಳದಿದ್ದರೂ ಅದು ನನ್ನನ್ನು ಚುಚ್ಚುತ್ತಿತ್ತು. ನನ್ನ ಕೈಗುಣ ಏನೆಂದು ಇದರಲ್ಲಾದರೂ ತೋರಿಸಬೇಕೆಂದು ಹಟ ಹಿಡಿದು, ದಪ್ಪ ಕೋರಾ ಬಟ್ಟೆ ತಂದು ಎರಡೇ ದಿನದಲ್ಲಿ ಹೊಲೆದು ಮುಗಿಸಿದೆ.

ಸೊರಬದ ಕಡೆ ಹೊಳೆಗೆ ರಾಜರ ಕಾಲದ ಕಲ್ಲಿನ ಸೇತುವೆಯೊಂದಿದೆ. ಬಸ್ಸು, ಲಾರಿಗಳೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ ಓಡುತ್ತವೆ. ಹಳೆಯದರ ಮೇಲೆ ಜನ ಭತ್ತ ಒಣಗಿಸುತ್ತಾರೆ. ಅದರ ಬುಡದ ಹುಲ್ಲಿನ ಮೇಲೆ, ಜಮೀನಿನವರನ್ನು ಕೇಳಿಕೊಂಡು, ಒಂದು ಶನಿವಾರ ಬೆಳಿಗ್ಗೆ ನಾನು, ಹೆಂಡತಿ, ಮಗಳು ಸೇರಿ ಟೆಂಟು ಹಾಕಿದೆವು. ಅಂಚುಗಳ ಮೇಲೆ ಕಲ್ಲು ಹೇರಿದೆವು.

ಟೆಂಟು ನೆಟ್ಟಗೆ ನಿಂತಿತು. ಅಷ್ಟಕ್ಕೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಮಳೆ ಬಂದ್ರೆ ಸೋರುತ್ತೆ" ಎಂದಳು ಮಗಳು.

"ಸೋರುತ್ತಾ? ನೋಡೇಬಿಡು" ಎಂದು ಹೊಳೆಯಿಂದ ಬಕೆಟುಗಟ್ಟಲೆ ನೀರು ತಂದು ಮೇಲೆ ಸುರಿದೆ. ಒಳಗಿಳಿದದ್ದು ನಾಲ್ಕೇ ಹನಿ. ಮೀಸೆ ತಿರುವಿಕೊಂಡು ಊಟಕ್ಕೆ ಕೂತೆ.

ಬಿಸಿಲಿಗೆ ಬಟ್ಟೆ ಒಣಗಿತು. ಸಂಜೆ ನೋಡಿದರೆ ಕಲ್ಲುಗಳೆಲ್ಲ ನೆಲದಲ್ಲೇ ಇವೆ, ಟೆಂಟಿನ ಅಂಚು ಮಾತ್ರ ಸುತ್ತಲೂ ಅರ್ಧ ಗೇಣು ಮೇಲೆ!

"ರೀ, ಬಟ್ಟೆ ನೆನೆಸಿ ಹೊಲಿದ್ರೋ ಇಲ್ಲೋ?" ಎಂದು ಹೆಂಡತಿ ಕೇಳಿದಳು.

ನೆನೆಸಿರಲಿಲ್ಲ. ಹೊಸ ಬಟ್ಟೆ ನೆನೆದು ಒಣಗಿದರೆ ಕುಗ್ಗುತ್ತದೆ, ಒಮ್ಮೆ ನೀರಿಗೆ ಹಾಕಿ ಒಣಗಿಸಿ ತನ್ನಿ ಎಂದು ಗಿರಾಕಿಗಳನ್ನು ಗದರುವವನೇ ನಾನು. ಅವಮಾನದಿಂದ ಮುಖ ಎತ್ತಲಾಗಲಿಲ್ಲ.

"ನಡೀರಿ, ಮನೆಗೆ ಹೋಗಣ" ಎಂದೆ.

ಮಗಳು ಮಾತ್ರ ಕೂತು ಟೆಂಟಿನ ಅಂಚನ್ನು ತಿರುಗಿಸಿ ನೋಡುತ್ತಿದ್ದಳು.

"ಅಪ್ಪಾ, ಬ್ಲೇಡ್ ಕೊಡು. ಒಳಗೆ ಬಟ್ಟೆ ಮಡಚಿ ಹೊಲ್ದಿದೀಯ."

ಬೆಳೆಯುವ ಹುಡುಗಿಯರ ಲಂಗಕ್ಕೆ ಅಂಚಿನಲ್ಲಿ ಅರ್ಧ ಗೇಣು ಬಟ್ಟೆ ಒಳಗೆ ಮಡಚುವುದು ನನ್ನ ಅಭ್ಯಾಸ. ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ಟೆಂಟಿಗೂ ಕೈ ತನ್ನಷ್ಟಕ್ಕೆ ಹಾಗೇ ಮಾಡಿತ್ತು. ಇಬ್ಬರೂ ಕೂತು ಸುತ್ತಲಿನ ಹೊಲಿಗೆ ಬಿಚ್ಚಿದೆವು. ಅಂಚು ಇಳಿದು ನೆಲ ಮುಟ್ಟಿತು.

"ರೆಡಿಮೇಡಲ್ಲಿ ಇಷ್ಟು ಬಟ್ಟೆ ಯಾರು ಬಿಡ್ತಾರೆ?" ಎಂದವಳು ಅಂಚಿನ ಮೇಲೆ ಕಲ್ಲು ಇಡುತ್ತಾ, "ಈ ಸಲ ಹಬ್ಬದ ಲಂಗ ನೀನೇ ಹೊಲಿ" ಎಂದಳು.

ಮನಸ್ಸು ಬದಲಾಯಿಸಿಯಾಳು ಎಂದು ಹೆದರಿ, ಜೇಬಿನಿಂದ ಟೇಪು ತೆಗೆದು ಅಲ್ಲೇ ಅಳತೆ ತೆಗೆದುಕೊಂಡೆ.