ಎಕ್ಸ್‌ರೇ ರೂಮಿನ ಚಿಲಕ

ಹಲಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ನರ್ಸ್ ಆಗಿದ್ದಾಗ, ತೀರಿಹೋದ ರೋಗಿಯೊಬ್ಬನ ಕಡೆಯವರು ಡ್ಯೂಟಿ ಡಾಕ್ಟರಿಗೆ ಡ್ರಿಪ್ ಸ್ಟ್ಯಾಂಡಿನಿಂದ ಹೊಡೆದು ದವಡೆ ಮುರಿದರು. ಆಮೇಲೇ ನಮಗೆ ತರಬೇತಿ ಶುರುವಾದದ್ದು. ಹೇಳಿಕೊಡಲು ಬಂದವರು ನಿವೃತ್ತ ಇನ್‌ಸ್ಪೆಕ್ಟರ್. ಗಲಾಟೆಯಾದರೆ ರಿಸೆಪ್ಷನ್ ಹುಡುಗಿ ಮೈಕಿನಲ್ಲಿ "ಎಕ್ಸ್‌ರೇ ರೆಡಿ" ಅನ್ನಬೇಕು. ನಡೆಯಬಲ್ಲ ರೋಗಿಗಳನ್ನು ಕರೆದುಕೊಂಡು ನಾವು ಎಕ್ಸ್‌ರೇ ರೂಮಿಗೆ ನುಗ್ಗಬೇಕು. ಸೀಸದ ತಗಡು ಹಾಕಿದ ಅದರ ಬಾಗಿಲು ಸುಲಭಕ್ಕೆ ಜಗ್ಗುವಂಥದ್ದಲ್ಲ.

"ಒಂದ್ಸಲ ಚಿಲಕ ಹಾಕಿದ್ಮೇಲೆ ಯಾರು ಕೂಗಿದ್ರೂ ತೆಗೀಬೇಡಿ," ಅಂದರು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ, ತಲೆ ಒಡೆಸಿಕೊಂಡು ಬಂದ ಯುವಕನಿಗೆ ಡಾಕ್ಟರು ಹೊಲಿಗೆ ಹಾಕುತ್ತಿದ್ದರು. ಅವನ ಹಣೆ ಒಡೆದಿದ್ದ ಭಾವನೇ ಈಗ ಮಚ್ಚು ಹಿಡಿದು ಒಳನುಗ್ಗಿದ.

"ಎಲ್ಲೋ ಅವ್ನು? ಇವತ್ತು ಮುಗಿಸ್ಬಿಡ್ತೀನಿ!"

ಮೊದಲ ಏಟಿಗೆ ರಿಸೆಪ್ಷನ್ನಿನ ಗಾಜು ಪುಡಿಯಾಯಿತು. ಇನ್ನೊಂದು, ಅಡ್ಡ ಹೋದ ವಾಚ್‌ಮನ್ನನ ಭುಜಕ್ಕೆ ಬಿತ್ತು. ಮೈಕಿನಲ್ಲಿ ಬರೀ ಚೀರಾಟ. ಅರ್ಧ ಹೊಲಿದ ಹಣೆಯ ಯುವಕನನ್ನು ಎಳೆದುಕೊಂಡು ಡಾಕ್ಟರೂ ನಾನೂ ಎಕ್ಸ್‌ರೇ ರೂಮಿಗೆ ಓಡಿದೆವು. ಒಳಗಿದ್ದ ಸೀನಿಯರ್ ಸಿಸ್ಟರ್ ಚಿಲಕ ಹಾಕಿದರು.

ಅಷ್ಟರಲ್ಲೇ ಹೊರಗಿನಿಂದ ಬಡಿತ. "ಯಕ್ಕಾ, ಕೈ ಕಡದಾನ... ಬಾಗ್ಲಾ ತಗೀರಿ!"

ರಾಯಚೂರು ಕಡೆಯ ನಮ್ಮ ಆಯಾ.

"ತೆಗೀಬೇಡ ಕಣೇ, ಎಲ್ಲರನ್ನೂ ಕೊಚ್ಚಿಹಾಕ್ತಾನೆ," ಎಂದು ಸಿಸ್ಟರ್ ನನ್ನ ಕೈ ಹಿಡಿದರು. ಅವರನ್ನು ತಳ್ಳಿ ಚಿಲಕ ಎಳೆದೆ. ಆಯಾ ನನ್ನ ಮೈಮೇಲೇ ಬಿದ್ದಳು. ಅವಳ ಹಿಂದೆಯೇ ಮಚ್ಚಿನ ತುದಿ ಸಂದಿಯೊಳಗೆ ಬಂತು. ಸಿಸ್ಟರ್ ನನ್ನನ್ನು ಬೈಯುತ್ತಲೇ ಬಾಗಿಲಿಗೆ ಹೆಗಲು ಕೊಟ್ಟರು, ಡಾಕ್ಟರೂ ಕೊಟ್ಟರು. ಅವನು ಮಚ್ಚು ಎಳೆದುಕೊಂಡ ಕ್ಷಣದಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಒಂದೇ ಸಮನೆ ಬಾಗಿಲು ಕೊಚ್ಚುವ ಸದ್ದು. ಆಯಾಳ ಸೆರಗಿನಿಂದಲೇ ಅವಳ ಕೈ ಬಿಗಿದು ಕಟ್ಟಿ, ಎರಡೂ ಕೈಯಿಂದ ಒತ್ತಿಹಿಡಿದು ಕೂತೆ.

ಪೊಲೀಸರು ಅವನನ್ನು ಕಾರಿಡಾರಿನಲ್ಲಿ ಕೆಡವಿ ಹಿಡಿದರು. ವಾಚ್‌ಮನ್, ಆಯಾ ಇಬ್ಬರೂ ಬದುಕಿದರು. ಅವಳ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ.

ಮುಂದಿನ ತರಬೇತಿ ಅದೇ ಎಕ್ಸ್‌ರೇ ರೂಮಿನಲ್ಲಿ. ಇನ್‌ಸ್ಪೆಕ್ಟರ್, "ಅವತ್ತು ಬಾಗಿಲು ತೆಗೆದೋರು ಯಾರು?" ಅಂದರು. ಎದ್ದು ನಿಂತೆ.

"ಒಳಗಿದ್ದೋರೆಲ್ಲ ಸಾಯ್ತಿದ್ರು. ಗೊತ್ತಾ?"

"ಗೊತ್ತು ಸಾರ್. ಇನ್ನೊಂದ್ಸಲ ಆದ್ರೂ ತೆಗೀತೀನಿ."

ಅವರು ಅಂಗಿಯ ತೋಳು ಮಡಚಿಕೊಂಡು, "ಸರಿ. ಹಾಗಿದ್ರೆ ತೆಗೆದು ಮುಚ್ಚೋದನ್ನೇ ಕಲೀರಿ. ಇಬ್ಬರು ಬಾಗಿಲಿಗೆ, ಒಬ್ಬರು ಒಳಗೆ ಎಳ್ಕೊಳ್ಳೋಕೆ," ಎಂದು ತಾವೇ ಹೊರಗೆ ಹೋಗಿ ನಿಂತು ಬಾಗಿಲು ದೂಡತೊಡಗಿದರು.