ಬಾಣಂತಿಯ ನೀರು, ಬಿಲ್ಡಿಂಗಿನ ರೂಲು

ಮಲಾಡಿನಲ್ಲಿ ನನ್ನ ಮಗಳಿರುವ ಬಿಲ್ಡಿಂಗಿನೊಳಗೆ ಬೆಂಕಿಗೆ ಪ್ರವೇಶವಿಲ್ಲ. ಗ್ಯಾಸ್ ಗೀಸರ್ ಕೂಡದು, ಸಿಲಿಂಡರ್ ಕೂಡದು, ಇದ್ದಿಲ ಒಲೆಯ ಮಾತಂತೂ ಎತ್ತುವುದೇ ಬೇಡ ಎಂದು ಸೊಸೈಟಿಯವರು ಹಿಂದಿನ ವರ್ಷವೇ ನಿಯಮ ಮಾಡಿದ್ದರು. ಬಿಸಿನೀರಿಗೆ ಟೆರೇಸಿನ ಮೇಲೆ ಸೋಲಾರ್. ಅದು ಕೈಕೊಟ್ಟರೆ ಬಚ್ಚಲಲ್ಲಿ ಪುಟ್ಟದೊಂದು ಕರೆಂಟ್ ಗೀಸರ್. ಹೊಗೆ ಕಡಿಮೆಯಾಗಲಿ ಎಂದು ಮಾಡಿದ್ದು, ನನ್ನ ತಕರಾರಿಲ್ಲ. ಆದರೆ ನಿಯಮ ಮಾಡಿದವರ ಮನೆಗಳಲ್ಲಿ ಆ ವರ್ಷ ಯಾರೂ ಹಡೆದಿರಲಿಲ್ಲ ಎಂದು ಕಾಣುತ್ತದೆ.

ಮಗಳು ಹಡೆದದ್ದು ಮಳೆಗಾಲದಲ್ಲಿ. ದಾದರಿನ ನಮ್ಮ ಚಾಳಿನ ಒಂದೇ ಕೋಣೆಯ ಮನೆಯಿಂದ ತಾಮ್ರದ ಹಂಡೆ ಹೊತ್ತುಕೊಂಡು ಲೋಕಲ್ ರೈಲು ಹತ್ತಿದೆ. ನಮ್ಮ ಧಾರವಾಡದ ಕಡೆ ಬಾಣಂತಿಗೆ ಮೈತುಂಬ ಎಣ್ಣೆ ತಿಕ್ಕಿ, ಸೊಂಟದ ಮೇಲೆ ಹಬೆಯಾಡುವ ನೀರನ್ನು ಕೊಡಗಟ್ಟಲೆ ಸುರಿಯುತ್ತಾರೆ. ನಾನು ಹಡೆದಾಗ ನನ್ನ ತಾಯಿ ಬದುಕಿರಲಿಲ್ಲ. ಕೋಣೆಯ ಮೂಲೆಗೇ ಇದ್ದ ಬಚ್ಚಲಕಟ್ಟೆ, ಅದಕ್ಕೆ ಚಾಳಿನಲ್ಲಿ ಮೋರಿ ಎನ್ನುತ್ತಾರೆ, ಅದರಲ್ಲಿ ಒಬ್ಬಳೇ ಕುಳಿತು, ಸ್ಟೋವಿನ ಮೇಲೆ ಕಾಸಿದ ಒಂದು ಪಾತ್ರೆ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ. ಮಗಳಿಗೆ ಅದನ್ನು ಹೇಳಿ ಹೇಳಿ ಅವಳ ತಲೆ ತಿಂದಿದ್ದೇನೆ. ಅವಳಿಗೆ ಮಾತ್ರ ಹಾಗಾಗಬಾರದೆಂದು ಹಟ ತೊಟ್ಟಿದ್ದೆ.

ತಾಮ್ರದ ಹಂಡೆ ಮಗಳ ಮನೆಯ ಇಂಡಕ್ಷನ್ ಒಲೆಯ ಮೇಲೆ ಕಾಯಲೇ ಇಲ್ಲ. ಆ ಕರೆಂಟ್ ಒಲೆಗೆ ಕಬ್ಬಿಣ, ಸ್ಟೀಲಿನ ಪಾತ್ರೆಯೇ ಆಗಬೇಕಂತೆ, ಮನೆಯಲ್ಲಿದ್ದ ಅಂಥವೆಲ್ಲ ಪುಟ್ಟವು. ಸೊಸೈಟಿಯ ಸೆಕ್ರೆಟರಿಯನ್ನು ಕಂಡು, ಬಾಣಂತನ ಮುಗಿಯುವ ತನಕವಾದರೂ ಒಂದು ಗ್ಯಾಸ್ ಗೀಸರ್ ಹಾಕಿಸಲು ಬಿಡಿ ಎಂದು ಕೇಳಿಕೊಂಡೆ.

"ರೂಲ್ ಮ್ಹಣಜೇ ರೂಲ್, ಮಾವಶೀ" ಎಂದ ಆತ ಮರಾಠಿಯಲ್ಲಿ, ರೂಲೆಂದರೆ ರೂಲೇ ಚಿಕ್ಕಮ್ಮಾ ಎಂದು. ಮನೆಗೆ ಬಂದು ಹಂಡೆಯನ್ನು ಮೂಲೆಗೆ ಸರಿಸಿದೆ.

ಮೊದಲ ಸ್ನಾನದ ದಿನ ಮೋಡ ಕವಿದಿತ್ತು. ಸೋಲಾರಿನ ನೀರು ತಣ್ಣಗಿತ್ತು, ಗೀಸರಿನದು ಎರಡು ಬಕೆಟಿಗೇ ಮುಗಿಯಿತು. ಮಗಳ ತಲೆಯಲ್ಲಿ ಎಣ್ಣೆ ಹಾಗೇ ಇತ್ತು, ಅವಳು ಗಡಗಡ ನಡುಗುತ್ತಿದ್ದಳು. ನನಗೆ ಅಳುವೇ ಬಂತು. ಅವಳಿಗೆ ಟವೆಲ್ ಹೊದಿಸಿ, ಒದ್ದೆ ಸೀರೆಯಲ್ಲೇ ಹೊರಗೆ ಓಡಿ ಅಕ್ಕಪಕ್ಕದ ಮನೆಗಳ ಬೆಲ್ ಒತ್ತಿದೆ. ಬಾಣಂತಿಗೆ ಬಿಸಿನೀರು ಬೇಕು ಎಂದದ್ದೇ ತಡ, ಒಂದೊಂದೇ ಗೀಸರ್ ಚಾಲೂ ಆಯಿತು, ಬಕೆಟುಗಳು ಬರತೊಡಗಿದವು. ಸೆಕ್ರೆಟರಿಯ ಹೆಂಡತಿಯಂತೂ ಗಂಡನನ್ನು ಬೈದುಕೊಳ್ಳುತ್ತಲೇ ಎರಡು ಬಕೆಟ್ ತಂದಿಟ್ಟಳು.

ಮಗಳ ಬೆನ್ನು ಕೆಂಪಾಗುವ ತನಕ ನೀರು ಹಾಕಿದೆ.

"ಬಸ್ ಅವ್ವಾ, ಸಾಕು" ಎಂದಳು. ಇನ್ನೂ ಒಂದು ಬಕೆಟ್ ಉಳಿದಿತ್ತು. ಅವಳು ಸೀರೆ ಸುತ್ತಿಕೊಂಡು ಎದ್ದು ಮಣೆ ನನ್ನ ಕಡೆ ಸರಿಸಿದಳು.

"ನೀ ಕೂಡು."

"ನನಗ್ಯಾಕವ್ವಾ?"

"ನಿನಗ ಯಾರೂ ಹಾಕಿಲ್ಲಲ್ಲಾ. ಬೈಠ್."

ಹಸಿ ಬಾಣಂತಿ ಬಗ್ಗಬಾರದು ಎಂದು ಗದರಿದೆ. ಅವಳು ಆಗಲೇ ತಂಬಿಗೆ ಎತ್ತಿ ನನ್ನ ಸೊಂಟದ ಮೇಲೆ ಸುರಿದಾಗಿತ್ತು. ನೀರು ಇನ್ನೂ ಸುಡುತ್ತಿತ್ತು. ನಾನು ಮಣೆಯ ಮೇಲೆ ಕುಳಿತೆ.